ಬೆಳ್ಳಗಾದದ್ದೇ ಕಾಯಿಲೆ

ನನಗೆ ಹೇಸಿಗೆ ಬಲು ಬೇಗ. ಒಬ್ಬರು ಕುಡಿದಿಟ್ಟ ಲೋಟದ ಅಂಚು, ಬಚ್ಚಲ ಮೂಲೆಯ ಪಾಚಿ, ಮದುವೆ ಮನೆಯಲ್ಲಿ ಎಲ್ಲರೂ ಕೈ ಅದ್ದಿದ ತಂಬಿಗೆ, ಯಾವುದನ್ನು ಕಂಡರೂ ಹೊಟ್ಟೆ ತೊಳಸುತ್ತದೆ. ಕೂಡ್ಲಿಗಿಯಲ್ಲಿ ನಮ್ಮ ಓಣಿಯವರು ನನಗೆ ‘ಮೂಗು ಮುಚ್ಚಿಕೊಳ್ಳಾಕಿ’ ಎಂದೇ ಹೆಸರಿಟ್ಟಿದ್ದರು. ಇಡಲಿ. ದೇವರು ಮೂಗು ಕೊಟ್ಟದ್ದು ವಾಸನೆ ಹಿಡಿಯಲಿಕ್ಕೆ, ಮತ್ತು ಈ ಓಣಿಯಲ್ಲಿ ವಾಸನೆಗೇನೂ ಬರವಿರಲಿಲ್ಲ.

ಗಂಡನ ಹೆಸರನ್ನು ಹೆಂಡತಿ ಹೇಳಬಾರದು ಎನ್ನುತ್ತಾರೆ. ನಾನು ಹೇಳುತ್ತೇನೆ: ಮಹಬೂಬ್. ಎದುರಿಗೆ ‘ರೀ’ ಎಂದು ಕರೆದೂ ಕರೆದೂ ಸಾಕಾಗಿದೆ, ಇಲ್ಲಾದರೂ ಏಕವಚನ ಇರಲಿ. ಅವನದೊಂದು ಲಾರಿ ಇತ್ತು. ಹಗರಿಬೊಮ್ಮನಹಳ್ಳಿಯ ನಾಗೇಂದ್ರಪ್ಪ ಸಾಹುಕಾರರ ಶೇಂಗಾ ಮಿಲ್ಲಿನ ಸರಕನ್ನು ತೂತುಕುಡಿಗೆ ಹೊತ್ತೊಯ್ಯುವುದು, ಬರುವಾಗ ಉಪ್ಪಿನ ಚೀಲ ತುಂಬಿಕೊಂಡು ಬರುವುದು ಆ ಲಾರಿಯ ಕೆಲಸ. ಓಡಿಸುವವನು ಹುಲುಗಣ್ಣನೆಂಬ ಡ್ರೈವರು. ಮಹಬೂಬ್‌ನ ಕೆಲಸವೆಂದರೆ ಸಾಹುಕಾರರ ಮುಂದೆ ಕೈ ಕಟ್ಟಿ ನಿಲ್ಲುವುದು. ಅವರು ಮುಖ ತಿರುಗಿಸಿದರೆ ನಮ್ಮ ಲಾರಿ ಬಸ್ ಸ್ಟ್ಯಾಂಡಿನ ಹಿಂದೆ ತುಕ್ಕು ಹಿಡಿಯುತ್ತ ನಿಲ್ಲಬೇಕಾಗಿತ್ತು. ಅದು ನನಗೂ ಗೊತ್ತಿತ್ತು.

ಎಂಬತ್ತೈದರ ಸುಮಾರು. ಸಂಕ್ರಾಂತಿ ಕಳೆದಿತ್ತು. ಒಂದು ದಿನ ಉಪ್ಪಿನ ಚೀಲಗಳ ಜೊತೆಗೆ ಸಮುದ್ರದ ನೀರು ತುಂಬಿದ ಬ್ಯಾರೆಲ್‌ಗಳು ನಮ್ಮ ಮನೆಯ ಮುಂದೆ ಇಳಿದವು. ಒಂದರೊಳಗೆ ಜೀವಂತ ಹವಳದ ಎರಡು ಗಡ್ಡೆಗಳಿದ್ದವು. ತೂತುಕುಡಿಯಲ್ಲಿ ಶಂಖದ ವ್ಯಾಪಾರ ಮಾಡುವ ಮುದುಕನೊಬ್ಬ ಗಾಜಿನ ತೊಟ್ಟಿಯಲ್ಲಿ ಹವಳ ಸಾಕಿದ್ದನಂತೆ. ಅದನ್ನು ನೋಡಿ ಬಂದಾಗಿನಿಂದ ಮಹಬೂಬ್‌ಗೆ ಹುಚ್ಚು ಹಿಡಿದಿತ್ತು. ಹೊಸಪೇಟೆಯಲ್ಲಿ ದೊಡ್ಡ ಟ್ರಂಕಿನಷ್ಟು ಗಾಜಿನ ತೊಟ್ಟಿ ಮಾಡಿಸಿ, ಪಡಸಾಲೆಯ ಬೆಳಕಿಂಡಿಯ ನೇರಕ್ಕೆ ಇಟ್ಟು ಕಾಯುತ್ತಿದ್ದ.

ಬ್ಯಾರೆಲ್ಲಿನ ಮುಚ್ಚಳ ತೆಗೆದಾಗ ಬಂದ ನಾತವನ್ನು ನಾನು ಸಾಯುವ ತನಕ ಮರೆಯಲಾರೆ. ನಮ್ಮ ಸೀಮೆಯಲ್ಲಿ ಮೀನು ಅಪರೂಪ, ನನಗಂತೂ ಅದರ ಹೆಸರೂ ಆಗದು. ಮಹಬೂಬ್ ತೋಳು ಮಡಚಿ ಒಂದು ಗಡ್ಡೆಯನ್ನು ಎತ್ತಿದ. ಬೋರಲು ಹಾಕಿದ ಬುಟ್ಟಿಯಂತಿದ್ದ ಅದರ ಮೈಯಿಂದ ಸಿಂಬಳದಂಥ ಲೋಳೆ ಉದ್ದಕ್ಕೆ ಜೋತುಬಿತ್ತು.

“ನೋಡು ಗುಲ್ಜಾರ್, ಜೀವ ಐತಿ! ಕೂಡ್ಲಿಗ್ಯಾಗ ಯಾರ ಮನ್ಯಾಗೂ ಸಮುದ್ರ ಇಲ್ಲ, ನಮ್ಮ ಮನ್ಯಾಗ ಐತಿ!” ಎಂದ.

“ಸಮುದ್ರ ಸಮುದ್ರದಾಗ ಇದ್ರ ಏನಾಗ್ತಿತ್ತ್ರಿ?” ಎಂದು ಸೆರಗನ್ನು ಮೂಗಿಗೊತ್ತಿಕೊಂಡು ನಾನು ಹಿತ್ತಲಿಗೆ ನಡೆದೆ.

ಎರಡನೆಯ ಗಡ್ಡೆ ಜಿಂಕೆಯ ಕೊಂಬಿನ ಹಾಗೆ ಕವಲೊಡೆದಿತ್ತು. ಎರಡೂ ಬೆಲ್ಲದ ಬಣ್ಣದವು. ನೀರಿನೊಳಗೆ ಗಾಳಿ ಗುಳುಗುಳು ಅನ್ನಿಸಲು ಒಂದು ಪುಟ್ಟ ಕರೆಂಟಿನ ಯಂತ್ರವಿತ್ತು. ಕರೆಂಟು ಹೋದರೆ, ಅದು ಹೋಗುವುದೇ ಹೆಚ್ಚು, ಗಾಳಿ ತುಂಬಿದ ಲಾರಿ ಟ್ಯೂಬಿಗೆ ಸಣ್ಣ ನಳಿಗೆ ಸಿಕ್ಕಿಸಿ ತೊಟ್ಟಿಗೆ ಬಿಡುತ್ತಿದ್ದ. ಟ್ಯೂಬು ಮೆಲ್ಲಗೆ ಸೊರಗುತ್ತ ಹೋಗುತ್ತಿತ್ತು, ನೀರು ಉಸಿರಾಡುತ್ತಿತ್ತು. ಬುದ್ಧಿ ಇಲ್ಲದವನಲ್ಲ ನನ್ನ ಗಂಡ. ಇದ್ದ ಬುದ್ಧಿಯನ್ನು ಎಲ್ಲಿ ಬಳಸಬೇಕೆಂಬುದೇ ಅವನಿಗೆ ಗೊತ್ತಾಗುತ್ತಿರಲಿಲ್ಲ.

ನೋಡಲು ಜನ ಬಂದರು, ಬಂದವರಿಗೆಲ್ಲ ನಿರಾಸೆಯಾಯಿತು. ಉಂಗುರದಲ್ಲಿ ಕೂರಿಸುವ ಕೆಂಪು ಹವಳ ಕಾಣುತ್ತದೆಂದು ಅವರೆಲ್ಲ ಬಂದಿದ್ದರು. “ಇದೇನೋ ಮಾಬೂ, ಸಗಣಿ ಬಣ್ಣ ಐತಿ” ಎಂದು ಮುಖಕ್ಕೇ ಹೇಳಿ ಹೋದರು. ಮಹಬೂಬ್‌ಗೆ ಅವಮಾನವಾಗಿ ಒಂದಷ್ಟು ದಿನ ತೊಟ್ಟಿಯ ಮೇಲೆ ಚಾದರ ಹೊದಿಸಿದ.

ಯುಗಾದಿ ಕಳೆದ ಮೇಲೆ ಬಿಸಿಲು ಏರಿತು. ನಮ್ಮ ಬಿಸಿಲು ಗೊತ್ತಲ್ಲ, ಗುಡೇಕೋಟೆಯ ಬಂಡೆಗಳ ಮೇಲಿಂದ ಬೀಸುವ ಗಾಳಿಗೆ ಹೊತ್ತು ಮುಳುಗಿದ ಮೇಲೂ ಮನೆಯ ಗೋಡೆ ಮುಟ್ಟಲಾಗುವುದಿಲ್ಲ. ಬೆಳಕಿಂಡಿಯಿಂದ ಬಿಸಿಲು ನೇರವಾಗಿ ತೊಟ್ಟಿಗೆ ಬೀಳುತ್ತಿತ್ತು. ಮೊದಲು ಕೊಂಬಿನ ತುದಿಗಳು ಬಿಳಿಚಿದವು, ಆಮೇಲೆ ಬುಟ್ಟಿಯ ನೆತ್ತಿ. ಎಂಟು ದಿನ ಕಳೆಯುವುದರೊಳಗೆ ಎರಡೂ ಹಾಲಿನಂತೆ ಬೆಳ್ಳಗಾದವು.

ಮಹಬೂಬ್‌ನ ಸಂತೋಷ ನೋಡಬೇಕಿತ್ತು. ಓಣಿಗೆಲ್ಲ ಹೇಳಿ ಬಂದ. ಸಗಣಿ ಎಂದವರೇ ಮತ್ತೆ ಬಂದು “ಈಗ ಚೊಕ್ಕ ಆತು ನೋಡು, ಕೊಳಿ ಎಲ್ಲಾ ಹೋತು” ಎಂದರು. ಗಾಜಿಗೆ ಮೂಗು ಒತ್ತಿದರು, ಎಣ್ಣೆಗೈಯಿಂದ ಸವರಿದರು, ಒಬ್ಬಾತ ಎಲೆಯಡಿಕೆ ತುಂಬಿದ ಬಾಯಿಂದಲೇ ಮಾತಾಡಿ ಗಾಜಿನ ಮೇಲೆ ಕೆಂಪು ಹನಿ ಸಿಡಿಸಿದ. ಅವರು ಹೋದ ಮೇಲೆ ಒರೆಸುವವಳು ನಾನು. ಅಸಹ್ಯಪಡುತ್ತಲೇ ಒರೆಸುತ್ತಿದ್ದೆ.

ಹೀಗೆ ಒರೆಸುವಾಗ ಒಂದು ಸಂಜೆ ಬಗ್ಗಿ ನೋಡಿದೆ. ಬುಟ್ಟಿಯಂಥ ಗಡ್ಡೆಯ ಮೈತುಂಬ ಅಕ್ಕಿಕಾಳಿನಷ್ಟು ಸಣ್ಣ ಸಣ್ಣ ಬಾಯಿಗಳಿದ್ದವು. ಕತ್ತಲಾಗುತ್ತ ಬಂದ ಹಾಗೆ ಅವು ತೆರೆದು, ನೂಲಿನೆಳೆಯಂಥ ಬೆರಳುಗಳನ್ನು ನೀರಿಗೆ ಚಾಚಿ ಏನನ್ನೋ ತಡಕಾಡುತ್ತಿದ್ದವು. ಮೈಯೆಲ್ಲ ಗಾಜಿನಂತೆ ತೆಳ್ಳಗಾಗಿ ಒಳಗಿನ ಬಿಳಿ ಎಲುಬು ಕಾಣುತ್ತಿತ್ತು. ಇದು ಚೊಕ್ಕವಾದದ್ದಲ್ಲ, ಸೊರಗಿದ್ದು ಎಂದು ನನಗೆ ಅನ್ನಿಸಿತು.

ಹುಲುಗಣ್ಣ ಮುಂದಿನ ಖೇಪಿಗೆ ಹೊರಟಾಗ, ಶಂಖದ ಮುದುಕನನ್ನು ಕೇಳಿಕೊಂಡು ಬಾ ಎಂದು ಹೇಳಿ ಕಳಿಸಿದೆ. ಅವನು ತಿರುಗಿ ಬಂದವನೇ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಪಡಸಾಲೆಯ ಕಟ್ಟೆಯ ಮೇಲೆ ಕೂತ.

“ಅಕ್ಕಾರ, ಬೆಳ್ಳಗಾಗೋದ ಕಾಯಿಲೆ ಅಂತ್ರಿ. ಅದರ ಮೈಯಾಗ ಕಣ್ಣಿಗೆ ಕಾಣದಂಥಾ ಕಂದು ಕಂದು ಜೀವ ಇರ್ತಾವಂತ. ಬಿಸಿಲಾಗ ಅಡಿಗಿ ಮಾಡಿ ಈ ಹವಳಕ್ಕ ಉಣ್ಣಿಸೋವು ಅವ ಅಂತ. ನೀರು ಕಾದ್ರ, ಬಿಸಿಲು ಹೆಚ್ಚಾದ್ರ ಅವು ಮನಿ ಬಿಟ್ಟು ಹೋಗ್ತಾವಂತ. ಆ ಬಣ್ಣ ಅವುಗಳ್ದ.”

“ಅಂದ್ರ ಇದು ಸತ್ತೈತೇನು?”

“ಇಲ್ರಿ. ಉಪಾಸ ಬಿದ್ದೈತಿ ಅಂದ. ನೀರು ತಣ್ಣಗ ಇಡ್ರಿ, ನೆಳ್ಳು ಮಾಡ್ರಿ, ಉಪ್ಪು ಹೆಚ್ಚು ಕಮ್ಮಿ ಆಗದಂಗ ನೋಡ್ರಿ, ಕೈ ಹಾಕಬ್ಯಾಡ್ರಿ. ಬಾಯಾಗ ಒಂದೀಟು ತುತ್ತು ಇಟ್ರ ತಡೀತೈತಿ. ಬಿಟ್ಟು ಹೋದೋವು ತಿರುಗಿ ಬಂದ್ರ ಬದುಕ್ತೈತಿ ಅಂತ ಹೇಳ್ಯಾನ.”

ಇದನ್ನು ಮಹಬೂಬ್‌ಗೆ ಹೇಳಿದರೆ ಅವನು ಮುಖ ಸಿಂಡರಿಸಿದ. “ಈಗ ಚೆಂದ ಕಾಣ್ತೈತಿ, ಬಿಡು. ಮತ್ತ ಆ ಸಗಣಿ ಬಣ್ಣ ಯಾತಕ್ಕ?” ಎಂದ. ಉಪವಾಸ ಬಿದ್ದ ಜೀವವನ್ನು ಚೆಂದ ಎನ್ನುತ್ತಾನಲ್ಲ ಎಂದು ಮೈ ಉರಿಯಿತು. ಇದನ್ನು ಬದುಕಿಸಿಯೇ ಬಿಡುತ್ತೇನೆ ಎಂಬ ಹಟ ನನಗೆ ಹುಟ್ಟಿದ್ದು ಆಗ. ಆ ಮನೆಗೆ ಬಂದಾಗಿನಿಂದ ನನ್ನ ಮಾತಿನಂತೆ ನಡೆದ ಒಂದು ಕೆಲಸವೂ ಇರಲಿಲ್ಲ. ಇದೊಂದಾದರೂ ನಡೆಯಲಿ ಎಂದುಕೊಂಡೆ.

ಬೆಳಕಿಂಡಿಗೆ ಹಳೆಯ ಧೋತರ ಕಟ್ಟಿದೆ. ತೊಟ್ಟಿಯ ಸುತ್ತ ಗೋಣಿತಟ್ಟು ಸುತ್ತಿ ನೀರು ಚಿಮುಕಿಸುತ್ತಿದ್ದೆ. ಐಸ್‌ಕ್ಯಾಂಡಿ ಫ್ಯಾಕ್ಟರಿಯಿಂದ ಮಂಜುಗಡ್ಡೆ ತರಿಸಿ, ಗಾಜಿನ ಬಾಟಲಿಗಳಲ್ಲಿ ತುಂಬಿ, ಬಿರಡೆ ಬಿಗಿದು ನೀರಿನ ಮೇಲೆ ತೇಲಿಬಿಡುತ್ತಿದ್ದೆ. ನೀರು ಆವಿಯಾದಷ್ಟೂ ಉಪ್ಪು ಗಟ್ಟಿಯಾಗುತ್ತದೆ. ಬಾವಿಯ ನೀರು ಸುರಿಯುವಂತಿಲ್ಲ. ಲಾರಿಯ ಬ್ಯಾಟರಿಗೆ ಹಾಕಲೆಂದು ತಂದಿಟ್ಟ ಶುದ್ಧ ನೀರನ್ನು ಅದಕ್ಕೆ ಸುರಿದೆ. ಉಪ್ಪು ಸರಿಯಿದೆಯೋ ಇಲ್ಲವೋ ತಿಳಿಯಲು ಕೊಟ್ಟೂರಿನ ಹಾಲಿನ ಡೈರಿಯಿಂದ ಹಾಲಿಗೆ ನೀರು ಬೆರೆಸಿದ್ದನ್ನು ಹಿಡಿಯುವ ಗಾಜಿನ ಕಡ್ಡಿ ತರಿಸಿದೆ. ಹೊಸ ಸಮುದ್ರದ ನೀರಿನಲ್ಲಿ ಅದನ್ನು ತೇಲಿಸಿ, ಮುಳುಗಿದ ಮಟ್ಟಕ್ಕೆ ಕೆಂಪು ದಾರ ಕಟ್ಟಿದೆ. ದಾರ ನೀರಿನ ಮೇಲೆ ಎದ್ದರೆ ಉಪ್ಪು ಹೆಚ್ಚಾಗಿದೆ ಎಂದರ್ಥ. ಬ್ಯಾಟರಿ ನೀರು ಖಾಲಿ ಮಾಡುತ್ತೀ ಎಂದು ಮಹಬೂಬ್ ಬೈದ, ಬೈಯಲಿ ಬಿಡಿ.

ತುತ್ತು ಇಡುವುದು ಎಲ್ಲಕ್ಕಿಂತ ಹೊಲಸು ಕೆಲಸ. ಸಂತೆಯಿಂದ ಒಣ ಸೀಗಡಿ ತರಿಸಿ ಕಲ್ಲಿನಲ್ಲಿ ನುಣ್ಣಗೆ ಅರೆಯಬೇಕು. ಅರೆಯುವಾಗ ವಾಂತಿ ಒತ್ತರಿಸಿ ಬರುತ್ತಿತ್ತು. ಆ ಗಸಿಯನ್ನು ಶಾಯಿ ಹಾಕುವ ಫಿಲ್ಲರಿನಲ್ಲಿ ತೆಗೆದುಕೊಂಡು, ದೀಪ ಹಚ್ಚುವ ಹೊತ್ತಿಗೆ ತೆರೆಯುವ ಆ ಬಾಯಿಗಳ ಮೇಲೆ ಹನಿ ಹನಿಯಾಗಿ ಬಿಡುತ್ತಿದ್ದೆ. ಬೆರಳುಗಳು ಅದನ್ನು ಹಿಡಿದು ಮಡಚಿಕೊಂಡು ನುಂಗುತ್ತಿದ್ದವು. ನನ್ನ ಕೈ ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ನಾರುತ್ತಿತ್ತು. ಆ ಕೈಯಿಂದಲೇ ರೊಟ್ಟಿ ತಟ್ಟಿ, ಆ ಕೈಯಿಂದಲೇ ತಿಂದೆ. ನಾನು! ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ, ಆದರೆ ಮರುದಿನ ಸಂಜೆಯಾಗುವುದನ್ನು ಕಾಯುತ್ತಿದ್ದೆನೆಂಬುದು ನಿಜ.

ಹವಳದ ಲೋಳೆಗೆ ನಾನು ಹೇಸುವುದು ಕಮ್ಮಿಯಾಯಿತು. ಮನುಷ್ಯರಿಗೆ ಹೇಸುವುದು ಹೆಚ್ಚಾಯಿತು.

ಒಂದು ಮಧ್ಯಾಹ್ನ ಹಿತ್ತಲಿನಿಂದ ಬಂದು ನೋಡಿದರೆ ಪಕ್ಕದ ಮನೆಯ ಕೆಂಚಕ್ಕ ಮೊಣಕೈ ತನಕ ಕೈಯನ್ನು ತೊಟ್ಟಿಯಲ್ಲಿ ಅದ್ದಿಕೊಂಡು ನಿಂತಿದ್ದಾಳೆ. ಆಕೆಯ ಕೈತುಂಬ ಕಜ್ಜಿ.

“ಏನ್ ಮಾಡಾಕತ್ತೀರಿ ಕೆಂಚಕ್ಕ!” ಎಂದು ಕಿರುಚಿದೆ.

“ಸಮುದ್ರದ ನೀರಿಗೆ ಕಜ್ಜಿ ಹೋಗ್ತೈತಂತ ಯವ್ವಾ. ನೀನೇನು ಸಮುದ್ರ ಹೊತಗೊಂಡು ಹೋಗ್ತೀಯೇನು, ಒಂದೀಟು ಅದ್ದಿದ್ರ ಏನಾತು?” ಎಂದು ಆಕೆ ಸಾವಕಾಶವಾಗಿ ಕೈ ತೆಗೆದು ನಮ್ಮ ಗೋಡೆಗೇ ಒರೆಸಿದಳು.

ಥೂ. ಬ್ಯಾರೆಲ್ಲಿನಲ್ಲಿ ಉಳಿದಿದ್ದ ನೀರಿನಿಂದ ಅರ್ಧ ತೊಟ್ಟಿಯನ್ನು ಬದಲಾಯಿಸಿದೆ. ಅಂದಿನಿಂದ ಪಡಸಾಲೆಯ ಬಾಗಿಲಿಗೆ ಚಿಲಕ ಹಾಕತೊಡಗಿದೆ. ಅದನ್ನು ಮಹಬೂಬ್ ತೆಗೆಯುತ್ತಿದ್ದ. ಯಾರು ಬಂದರೂ ಇಲ್ಲವೆನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಬಂದವರಿಗೆ ಇನ್ನೊಂದು ಚಾಳಿ ಇತ್ತು. ಹೊಳೆ ದಾಟುವಾಗ ಬಸ್ಸಿನ ಕಿಟಕಿಯಿಂದ ಕಾಸು ಎಸೆದು ಕೈ ಮುಗಿಯುತ್ತಾರಲ್ಲ, ಹಾಗೆಯೇ ಇಲ್ಲಿಗೂ ಎಸೆಯುವುದು. ಹೊಳೆಗೇ ಹಾಕುವವರು ಸಮುದ್ರಕ್ಕೆ ಹಾಕದೆ ಹೋದರೆ ಹೇಗೆ? ಹಿಂದೂಗಳು ಮುಸಲ್ಮಾನರು ಎಂಬ ಭೇದವಿಲ್ಲದೆ ಎಸೆದರು. ಅದೂ ಎಂಥ ಕಾಸು? ಬ್ರಿಟಿಷರ ಕಾಲದ ತಾಮ್ರದ ಬಿಲ್ಲೆ, ತೂತಿನ ಕಾಸು. ಯಾವ ಅಂಗಡಿಯವನೂ ಮುಟ್ಟದ್ದನ್ನು ಹುಂಡಿಗೆ, ಹೊಳೆಗೆ ಎಂದು ಎತ್ತಿಟ್ಟಿರುತ್ತಾರೆ. ದೇವರಾದರೂ ಇಂಥವರ ಕೈಯಿಂದ ಹೇಗೆ ತೆಗೆದುಕೊಳ್ಳುತ್ತಾನೋ ಎಂದು ನನಗೆ ಹೇಸಿಗೆಯಾಗುತ್ತಿತ್ತು.

ನಮ್ಮಪ್ಪ ನೂರಸಾಬ ಕೊಟ್ಟೂರಿನಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದರು. ಕಲಾಯಿ ಹೋದ ತಾಮ್ರದಲ್ಲಿ ಉಪ್ಪು ಹುಳಿ ನಿಂತರೆ ಹಸಿರು ಕಿಲುಬು ಏಳುತ್ತದೆ, ಅದು ವಿಷವೆಂದು ಆ ಮನೆಯಲ್ಲಿ ಬೆಳೆದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಬಿಲ್ಲೆ ಕೊಂಬಿನ ಹವಳದ ಬುಡದಲ್ಲಿ ಒಂದು ಹಗಲು ಉಳಿದದ್ದಕ್ಕೆ ಅದರ ಹತ್ತಿರದ ಬಾಯಿಗಳು ಆ ಸಂಜೆ ತೆರೆಯಲೇ ಇಲ್ಲ. ಬಿದಿರಿನ ಚಿಮಟ ಮಾಡಿಕೊಂಡು, ಬಿದ್ದ ಕಾಸನ್ನು ಬಿದ್ದಂತೆಯೇ ಎತ್ತಿ ಬೀದಿಗೆ ಎಸೆಯುತ್ತಿದ್ದೆ. ಮಹಬೂಬ್‌ನನ್ನೂ ಕೂರಿಸಿಕೊಂಡು ಹೇಳಿದೆ.

“ಬೇಕಾದ್ದು ಹಾಕ್ಲಿ ರೀ, ತಾಮ್ರ ಬ್ಯಾಡ. ತಾಮ್ರ ಬಿದ್ರ ಇವು ಸಾಯ್ತಾವ.”

“ಆತು ಬಿಡು, ತಿಳೀತು,” ಎಂದ.

ಕಾರಹುಣ್ಣಿಮೆಯ ಹೊತ್ತಿಗೆ ಮೋಡ ಕವಿದು ಗಾಳಿ ತಣ್ಣಗಾಯಿತು. ಒಂದು ಬೆಳಿಗ್ಗೆ ಧೋತರ ಸರಿಸಿ ನೋಡಿದರೆ ಬುಟ್ಟಿಯ ಮಗ್ಗುಲಲ್ಲಿ, ನೆರಳಿನ ಕಡೆ, ಚಹಾ ಚೆಲ್ಲಿ ಒರೆಸಿದಂಥ ಒಂದು ಕಲೆ ಕಂಡಿತು. ಕೊಳೆಯೇನೋ ಎಂದುಕೊಂಡೆ. ಮರುದಿನ ಅದು ಹರಡಿತ್ತು. ವಾರ ಕಳೆದಾಗ ಕೊಂಬಿನ ಸಂದುಗಳಲ್ಲೂ ತೆಳ್ಳಗೆ ಕಂದು ಇಳಿಯಿತು. ಬಿಟ್ಟು ಹೋದವು ತಿರುಗಿ ಬಂದಿದ್ದವು! ನಾನು ಪಡಸಾಲೆಯ ನೆಲದ ಮೇಲೆ ಕೂತುಬಿಟ್ಟೆ. ನನ್ನ ಕೈಯಿಂದ ಒಂದು ಜೀವ ಉಳಿಯಿತೆಂದು ಎಷ್ಟು ಸಂತೋಷವಾಯಿತೆಂದರೆ, ಆ ದಿನ ಕೆಂಚಕ್ಕನನ್ನು ಕಂಡೂ ನಕ್ಕೆ.

ಮಹಬೂಬ್ ನೋಡಿ, “ಛೇ, ಮತ್ತ ಹೊಲಸಾತಲ್ಲ” ಎಂದ. ಅವನಿಗೆ ಬೇರೆಯೇ ಚಿಂತೆ. ಸಾಹುಕಾರರು ಹೆಂಡತಿಯನ್ನು ಕರೆದುಕೊಂಡು ಸಮುದ್ರ ನೋಡಲು ಬರುತ್ತೇವೆಂದು ಹೇಳಿ ಕಳಿಸಿದ್ದರು.

ಅವರು ಅಂಬಾಸಿಡರ್ ಕಾರಿನಲ್ಲಿ ಬಂದರು. ನಾಗೇಂದ್ರಪ್ಪನವರು ದೊಡ್ಡ ಹೊಟ್ಟೆಯ, ಸಣ್ಣ ಕಣ್ಣಿನ ಮನುಷ್ಯ. ಅವರ ಹೆಂಡತಿ ಅನ್ನದಾನಮ್ಮನವರದು ಸೌಮ್ಯ ಮುಖ, ಮೆಲುದನಿ. ನಾನು ಚಹಾ ತಂದೆ. ಆಕೆ ಲೋಟವನ್ನು ನೋಡಿ, ನನ್ನನ್ನು ನೋಡಿ, “ಈಗ ಕುಡದು ಬಂದೀವಿ ತಂಗಿ” ಎಂದರು. ಮಹಬೂಬ್ ಓಡಿಹೋಗಿ ಅಂಗಡಿಯಿಂದ ಸೋಡಾ ತಂದ. ಅದನ್ನು ಬಾಟಲಿಯಲ್ಲೇ ಕುಡಿದರು. ನಮ್ಮ ಲೋಟ ಅವರ ತುಟಿಗೆ ಸೋಕಲಿಲ್ಲ. ಇದು ನಮಗೆ ಹೊಸದಲ್ಲ, ಬಿಡಿ.

ಆಮೇಲೆ ಆ ತಾಯಿ ತೊಟ್ಟಿಯ ಮುಂದೆ ನಿಂತು ಕಣ್ಣು ಮುಚ್ಚಿ, ಅರಿಶಿನ ಕುಂಕುಮ ಹಚ್ಚಿದ ಒಂದು ಬಟ್ಟೆಗಂಟು ಬಿಚ್ಚಿದರು. ಬೊಗಸೆ ತುಂಬ ತಾಮ್ರದ ಬಿಲ್ಲೆ. ನಾನು “ಬ್ಯಾಡ್ರಿ ಅವ್ವಾರ!” ಎನ್ನುವುದರೊಳಗೆ ಎಲ್ಲವನ್ನೂ ನೀರಿಗೆ ಬಿಟ್ಟು, ಅದೇ ಕೈಯನ್ನು ಒಳಗೆ ಅದ್ದಿ ನೀರನ್ನು ತಲೆಗೆ ಚಿಮುಕಿಸಿಕೊಂಡರು. ನಮ್ಮ ಲೋಟ ಮುಟ್ಟದ ಕೈ ನಮ್ಮ ಹವಳದ ಮೈ ತೊಳೆಯಿತು. ಬಿಲ್ಲೆಗಳು ಹೊರಳುತ್ತ ಕೊಂಬಿನ ಸಂದಿಯಲ್ಲಿ, ಬುಟ್ಟಿಯ ನೆತ್ತಿಯಲ್ಲಿ, ಮರಳಿನ ಮೇಲೆ ಹೋಗಿ ಕೂತವು.

ನಾನು ಚಿಮಟಕ್ಕೆ ಕೈ ಹಾಕಿದೆ. ಮಹಬೂಬ್ ನನ್ನ ಮಣಿಕಟ್ಟು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದ.

“ಹುಚ್ಚಿ ಅದೀಯೇನು? ಅವ್ರ ಎದುರಿಗೆ ತಗದ್ರ ಇಜ್ಜತ್ ಏನ್ ಉಳೀತೈತಿ?”

“ಸಾಯ್ತಾವ ರೀ! ಈಗಷ್ಟ ಉಸುರು ಬಂದೈತಿ ಅವಕ್ಕ.”

“ಅವ್ರು ಹೋದ ಮ್ಯಾಲ ನಾನ ತಗೀತೀನಿ. ನೀನು ಹೊರಗ ಬರಬ್ಯಾಡ. ಅಲ್ಲಾನ ಆಣಿ, ಒಂದೂ ಬಿಡಲ್ಲ.”

ಅವರು ಹೋದ ಮೇಲೆ ಬಂದು ನೋಡಿದೆ. ತೊಟ್ಟಿಯಲ್ಲಿ ಒಂದು ಬಿಲ್ಲೆಯೂ ಕಾಣಲಿಲ್ಲ. ಮಹಬೂಬ್‌ನ ತೋಳು ಒದ್ದೆಯಾಗಿತ್ತು. “ಆತಲ್ಲ?” ಎಂದ. ಪಾಪ, ಹೇಳಿದಂತೆ ಮಾಡಿದನಲ್ಲ ಎಂದು ನನಗೆ ಅವನ ಮೇಲೆ ಪ್ರೀತಿಯೇ ಬಂತು. ಅಂದು ಅವನಿಗಿಷ್ಟವೆಂದು ಖೀಮಾ ಮಾಡಿ ಬಡಿಸಿದೆ. ಈಗ ಅದನ್ನು ನೆನೆದರೆ ನನ್ನ ಮೇಲೇ ನನಗೆ ಅಸಹ್ಯ.

ಆ ಸಂಜೆ ಒಂದು ಬಾಯಿಯೂ ತೆರೆಯಲಿಲ್ಲ. ಸಾಹುಕಾರರ ಹೆಂಡತಿ ಕೈ ಅದ್ದಿದ್ದಕ್ಕೆ ಮುನಿದಿರಬೇಕೆಂದುಕೊಂಡೆ. ಮರುಸಂಜೆಯೂ ತೆರೆಯಲಿಲ್ಲ. ಫಿಲ್ಲರಿನಿಂದ ಬಿಟ್ಟ ಗಸಿ ಹಾಗೆಯೇ ಜಾರಿ ತಳಕ್ಕೆ ಬಿತ್ತು. ಹುಲುಗಣ್ಣ ತಂದಿಟ್ಟಿದ್ದ ನೀರನ್ನೆಲ್ಲ ಹಾಕಿ ತೊಟ್ಟಿಯ ನೀರು ಬದಲಿಸಿದೆ. ಒಂದು ಹಗಲು ಸ್ವಲ್ಪ ಗೆಲುವಾದಂತೆ ಕಂಡು, ಮತ್ತೆ ಮುದುಡಿದವು. ಆಮೇಲೆ ಮೈಯಿಂದ ಲೋಳೆ ಕಿತ್ತು ಬರತೊಡಗಿತು. ಮೊದಲಿನ ಲೋಳೆಯಲ್ಲ, ಚರ್ಮವೇ ಕರಗಿ ಎಳೆ ಎಳೆಯಾಗಿ ನೀರಿನಲ್ಲಿ ತೇಲುತ್ತಿತ್ತು. ಬಂದ ಬಣ್ಣವೂ ಅದರ ಜೊತೆಗೇ ಕಿತ್ತು ಹೋಯಿತು. ನೀರು ಕಲಗಚ್ಚಿನಂತಾಗಿ, ಸತ್ತ ಇಲಿಯ ನಾತ ಮನೆ ತುಂಬಿತು.

ಕೊನೆಗೆ ನಾನೇ ಭುಜದ ತನಕ ಕೈ ಹಾಕಿ ಬುಟ್ಟಿಯಂಥ ಗಡ್ಡೆಯನ್ನು ಎತ್ತಿದೆ. ಬೆರಳು ತಾಗಿದ ಕಡೆ ಮಾಂಸ ಜಾರಿ ಕೈಗೆ ಮೆತ್ತಿಕೊಂಡಿತು. ಅದರ ಕೆಳಗೆ, ಮರಳು ಕೆದರಿ ಗುಂಡಿ ಮಾಡಿ, ಬಿಲ್ಲೆಗಳನ್ನೆಲ್ಲ ಒಟ್ಟಿಗೆ ಹೂತಿಟ್ಟಿತ್ತು. ಒಂದೊಂದರ ಮೇಲೂ ಹಸಿರು ಕಿಲುಬು.

ಮಹಬೂಬ್ ಬಾಗಿಲಲ್ಲಿ ನಿಂತಿದ್ದ.

“ಇವನ್ನ ತಗದೀನಿ ಅಂದ್ರಿ.”

“ಕಾಣದಂಗ ಇಟ್ರೂ ತಗದಂಗ ಆತಲ್ಲ,” ಎಂದ. ಆಮೇಲೆ ನೆಲ ನೋಡುತ್ತ, “ಹೋಗೋವಾಗ ಅವ್ವಾರು ಹೇಳಿದ್ರು, ನಾವು ಗಂಗಮ್ಮಗ ಕೊಟ್ಟದ್ದು ತಗೀಬ್ಯಾಡ್ರಿ, ಕೇಡಾಗ್ತೈತಿ ಅಂತ. ಮತ್ತ ಬಂದಾಗ ಎಲ್ಲಿ ಅಂತ ಕೇಳಿದ್ರ ಏನ್ ಹೇಳ್ಲಿ? ನಿನಗೂ ಸಮಾಧಾನ ಆಗ್ಲಿ, ಅವ್ರಿಗೂ ಸಮಾಧಾನ ಆಗ್ಲಿ ಅಂತ...”

ಅವನಿಗೆ ಗೊತ್ತಿತ್ತು. ತಾಮ್ರ ಬಿದ್ದರೆ ಸಾಯುತ್ತವೆಂದು ನಾನು ಹೇಳಿದ್ದೆ, ಅವನು ತಿಳಿಯಿತು ಎಂದಿದ್ದ. ತಿಳಿದೂ ಹೂತಿಟ್ಟ. ಹೂತಿಟ್ಟು ನನ್ನ ಕೈಯ ಖೀಮಾ ಉಂಡ. ಅದುವರೆಗೆ ಎಷ್ಟೋ ಹೊಲಸು ಕಂಡಿದ್ದೆ, ಮುಟ್ಟಿದ್ದೆ, ಒರೆಸಿದ್ದೆ. ಆದರೆ ಆ ಬಾಗಿಲಲ್ಲಿ ನಿಂತಿದ್ದ ಮುಖದಷ್ಟು ಹೇಸಿಗೆ ನನಗೆ ಯಾವುದರಿಂದಲೂ ಆಗಿರಲಿಲ್ಲ. ಇಬ್ಬರಿಗೂ ಸಮಾಧಾನವಂತೆ! ನಾನು ಬಚ್ಚಲಿಗೆ ಹೋಗಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡೆ.

ಹವಳ ಸತ್ತಿತು. ಮಹಬೂಬ್ ತೊಟ್ಟಿಯನ್ನು ಖಾಲಿ ಮಾಡಿ, ಗಡ್ಡೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಹಾಕಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಮಾಂಸವೆಲ್ಲ ಹೋಗುವಂತೆ ತಿಕ್ಕಿ, ಮಾಳಿಗೆಯ ಮೇಲೆ ಬಿಸಿಲಿಗಿಟ್ಟ. ಒಣಗಿದ ಮೇಲೆ ಪಡಸಾಲೆಯ ಷೋಕೇಸಿನಲ್ಲಿ, ಒಂದು ಸಣ್ಣ ಬಲ್ಬಿನ ಕೆಳಗೆ ಕೂರಿಸಿದ. ಜನ ಮತ್ತೆ ಬಂದರು. ಇಷ್ಟು ಚೊಕ್ಕವಾದದ್ದನ್ನು ಈ ಊರಿನಲ್ಲಿ ಯಾರೂ ನೋಡಿರಲಿಲ್ಲವಂತೆ.

ದೀಪಾವಳಿ ಕಳೆದ ಮೇಲೆ ಸಾಹುಕಾರ ದಂಪತಿಗಳೂ ಬಂದರು. ಮಹಬೂಬ್ ಮೊದಲೇ ಸೋಡಾ ತರಿಸಿಟ್ಟಿದ್ದ. ಅನ್ನದಾನಮ್ಮನವರು ಷೋಕೇಸಿನ ಮುಂದೆ ಬೆರಗಾಗಿ ನಿಂತರು.

“ಎಷ್ಟ ಚೆಂದ ಆಗ್ಯಾವ! ಆವಾಗ ರಾಡಿ ಹತ್ತಿದಂಗಿತ್ತು. ನಾನು ಬೇಡಿಕೊಂಡಿದ್ದೆ, ಗಂಗಮ್ಮ ಕೈ ಬಿಡಲಿಲ್ಲ ನೋಡು ತಂಗಿ.”

“ಹೆಣ ರಿ ಅದು,” ಎಂದೆ.

ಆಕೆಗೆ ತಿಳಿಯಲಿಲ್ಲ. “ಏನಂದಿ?”

“ಹೆಣ ಅಂದೆ. ಆವಾಗ ಜೀವ ಇತ್ತು. ನೀವು ಹಾಕಿದ ತಾಮ್ರಕ್ಕ ಸತ್ತೈತಿ. ಇವ್ರು ಅದನ್ನ ಹೂತಿಟ್ಟು ಸಾಯಿಸ್ಯಾರ.”

ಮಹಬೂಬ್ ನಕ್ಕ. “ನಮ್ಮಾಕಿ ಮಾತು ಹಿಂಗ ರಿ ಸಾವ್ಕಾರ, ಕಲ್ಲಿಗೆ ಎಲ್ಲ್ಯಾರ ಹೆಣ ಅಂತಾರೇನ್ರಿ!” ಎಂದ. ನಾಗೇಂದ್ರಪ್ಪನವರೂ ಹೊಟ್ಟೆ ಕುಣಿಸಿ ನಕ್ಕರು. ಅನ್ನದಾನಮ್ಮನವರು ಮಾತ್ರ ನಗಲಿಲ್ಲ. ನನ್ನನ್ನು ನೋಡಿ, ಷೋಕೇಸನ್ನು ನೋಡಿ, ಸೆರಗು ಸರಿ ಮಾಡಿಕೊಂಡರು.

“ಮಾಬೂ, ಮುಂದಿನ ಖೇಪಿಗೆ ನಮ್ಮ ಮನಿಗೂ ಒಂದ್ ಜೋಡಿ ತರ್ಸು,” ಎಂದರು ಸಾಹುಕಾರರು. “ಆದ್ರ ಆ ಕಂದು ಬ್ಯಾಡಪಾ. ಇಂಥಾ ಬೆಳ್ಳನ್ವು ಇರ್ಲಿ.”

“ಅಲ್ಲಿ ಸಿಗೋವು ಕಂದು ಇರ್ತಾವ್ರಿ. ಚಿಂತಿ ಮಾಡಬ್ಯಾಡ್ರಿ, ಇಲ್ಲಿ ಬೆಳ್ಳಗ ಮಾಡಿ ಕಳಸ್ತೀನಿ,” ಎಂದ ಮಹಬೂಬ್. ನನ್ನ ಕಡೆ ಕೈ ತೋರಿಸಿ, “ಹವಳದ ಕೆಲಸ ನಮ್ಮಾಕಿಗೆ ಚಲೋ ಬರ್ತೈತ್ರಿ” ಎಂದ.

ನಾನು ಸೋಡಾ ಬಾಟಲಿಗಳಿದ್ದ ತಟ್ಟೆಯನ್ನು ಅಲ್ಲೇ ನೆಲದ ಮೇಲಿಟ್ಟು ಹೊರಗೆ ನಡೆದೆ. ಮಹಬೂಬ್ ಮೊದಲೇ ಹೇಳಿಟ್ಟಿದ್ದನೋ ಏನೋ, ಬೇವಿನ ಮರದ ಕೆಳಗೆ ಹುಲುಗಣ್ಣ ಖಾಲಿ ಬ್ಯಾರೆಲ್‌ಗಳನ್ನು ಲಾರಿಗೆ ಹೇರಿ ಹಗ್ಗ ಬಿಗಿಯುತ್ತಿದ್ದ. ನಾನೇ ಹಗ್ಗ ಬಿಚ್ಚಿ ಒಂದು ಬ್ಯಾರೆಲ್ಲನ್ನು ಕೆಳಕ್ಕೆ ತಳ್ಳಿದೆ. ಅದು ಉರುಳಿಕೊಂಡು ಹೋಗಿ ಚರಂಡಿಗೆ ಬಿತ್ತು. ಅವನು ಗಾಬರಿಯಾಗಿ ನೋಡಿದ.

“ಇನ್ನ ಮ್ಯಾಲ ಒಂದ್ ಕಲ್ಲೂ ತರಬ್ಯಾಡ, ಹುಲುಗಣ್ಣ. ಅವ್ರು ಕೇಳಿದ್ರ ಸಮುದ್ರ ಬತ್ತಿ ಹೋಗೈತಿ ಅಂತ ಹೇಳು.”

“ಅಕ್ಕಾರ, ನಂಬ್ತಾರೇನ್ರಿ ಅವ್ರು?”

“ನಂಬ್ತಾರ. ಸತ್ತದ್ದನ್ನ ನೋಡಿ ಚೊಕ್ಕ ಆತು ಅನ್ನೋ ಮಂದಿ, ಇದನ್ನೂ ನಂಬ್ತಾರ,” ಎಂದು ಹೇಳಿ ಎರಡನೆಯ ಬ್ಯಾರೆಲ್ಲಿನ ಹಗ್ಗಕ್ಕೆ ಕೈ ಹಾಕಿದೆ.